ಕ್ವಾರಿಯಲ್ಲಿ ಚಂದ್ರನ ಪಾಠ

ಸೂಲಿಬೆಲೆಯ ಕಡೆ ನನ್ನ ಚಿಕ್ಕಪ್ಪನ ಜಮೀನಿನಲ್ಲಿ ಒಂದು ಹಳೆಯ ಕಲ್ಲುಕ್ವಾರಿ ಇತ್ತು. ಕಲ್ಲು ಒಡೆಯುವುದು ನಿಂತು ಬಹಳ ವರ್ಷಗಳಾಗಿದ್ದವು. ಜಲ್ಲಿ ಮಿಷನ್ನಿನವರು ಬಿಟ್ಟುಹೋದ ಕಲ್ಲುಪುಡಿ ಮಾತ್ರ ಅದರ ತಳದಲ್ಲಿ ಮೊಣಕಾಲುದ್ದ ಬಿದ್ದಿತ್ತು. ಬೂದು ಬಣ್ಣ, ಹಿಟ್ಟಿನಂಥ ನುಣುಪು.

ನಾನು ತಾಲ್ಲೂಕಿನ ಕಾಲೇಜೊಂದರಲ್ಲಿ ಭೂವಿಜ್ಞಾನದ ಮೇಡಂ. ಗ್ರಹ, ಉಪಗ್ರಹಗಳ ನೆಲದ ಪಾಠ ಬಂದಾಗ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಬಂಡೆಯ ಅಂಚಿನಲ್ಲಿ ನಿಂತು ಆ ಪುಡಿಯ ಮೇಲೆ ಕಲ್ಲು ಬಿಡಬೇಕು. ಬಿದ್ದ ಕಡೆ ದುಂಡನೆಯ ಕುಳಿ, ಸುತ್ತ ಏರಿದ ಅಂಚು, ಅದರಿಂದಾಚೆಗೆ ಚೆಲ್ಲಿದ ಪುಡಿಯ ಗೆರೆಗಳು. ಚಂದ್ರನ ಮೇಲಿನ ಕುಳಿಗಳೂ ಇಂಥವೇ. ಒಂದು ಕುಳಿ ಇನ್ನೊಂದರ ಅಂಚನ್ನು ಒಡೆದಿದ್ದರೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಕೇಳುತ್ತಿದ್ದೆ. ತರಗತಿಯಲ್ಲಿ ಬಾಯಿ ಬಿಡದವರೂ ಅಲ್ಲಿ ಜಗಳಕ್ಕೆ ನಿಲ್ಲುತ್ತಿದ್ದರು.

ಮಧ್ಯದಲ್ಲಿ ಒಂದು ವರ್ಷ ಹೋಗಲಾಗಲಿಲ್ಲ. ಮರುವರ್ಷ ಮಳೆಗಾಲ ಮುಗಿದ ಮೇಲೆ ಹೋದೆವು. ನೀಲಗಿರಿ ತೋಪು ದಾಟುವಾಗಲೇ ವಾಸನೆ ಬಂತು. ನಾಯಿ ಸತ್ತಿರಬೇಕು ಎಂದುಕೊಂಡು ಸೆರಗು ಮೂಗಿಗೆ ಹಿಡಿದು ನಡೆದೆ. ನೋಡಿ ಬರುತ್ತೇನೆ, ನೀವು ಮೇಲೆಯೇ ಇರಿ ಎಂದು ಹೇಳಿ ಎರಡು ಮೆಟ್ಟಿಲಷ್ಟು ಕೆಳಗಿನ ಕಟ್ಟೆಗೆ ಇಳಿದೆ. ಕ್ವಾರಿಯ ತಳ ಮೇಲೆ ಬಂದುಬಿಟ್ಟಿತ್ತು. ಕಲ್ಲುಪುಡಿ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ, ಬಿಸಿಲಿಗೆ ಒಣಗಿ ಬಿರುಕುಬಿಟ್ಟ ಒಂದು ಪದರ. ಅದರ ಮೇಲೆಲ್ಲ ಬಿಳಿ ಪುಕ್ಕ.

ನಾನು ಬೇಡ ಎನ್ನುವಷ್ಟರಲ್ಲಿ ಮೇಲಿದ್ದ ಹುಡುಗಿಯೊಬ್ಬಳು ಕಲ್ಲು ಬಿಟ್ಟಳು. ಹಿಂದಿನ ಬ್ಯಾಚಿನವರು ಹೇಳಿಕೊಟ್ಟಿದ್ದರಂತೆ, ದೊಡ್ಡ ಕಲ್ಲೇ ತಗೋ ಅಂತ. ಪದರ ಹಪ್ಪಳದ ಹಾಗೆ ಒಡೆಯಿತು. ಕೆಳಗಿನ ಕೊಳೆತ ನೀರು ಎದ್ದು ನನ್ನ ಸೀರೆಗೆ, ಕೈಗೆ, ಮುಖಕ್ಕೆ ಬಡಿಯಿತು. ಒಂದು ಹನಿ ತುಟಿಯ ಮೇಲೆ. ಒಡೆದ ಜಾಗದಲ್ಲಿ ಕೋಳಿಯ ಕರುಳು, ಕಾಲು, ಕಣ್ಣುಮುಚ್ಚಿದ ತಲೆಗಳು ಮೇಲೆ ಬಂದು ತೇಲಿದವು. ಅವುಗಳ ಮೇಲೆ ಹುಳು ಮಿಜಿಮಿಜಿ ಎನ್ನುತ್ತಿದ್ದವು.

"ಸಾರಿ ಮೇಡಂ, ಸಾರಿ, ನನಗೆ ಗೊತ್ತಿರ್ಲಿಲ್ಲ" ಎಂದು ಆ ಹುಡುಗಿ ಅಳತೊಡಗಿದಳು. ಇಬ್ಬರು ಪಕ್ಕಕ್ಕೆ ಓಡಿ ವಾಂತಿ ಮಾಡಿಕೊಂಡರು. ಆಗ ಹಿಂದೆ ನಿಂತಿದ್ದ ಒಬ್ಬ ಹೇಳಿದ: "ಮೇಡಂ, ಶನಿದೊಂದು ಚಂದ್ರ ಹೇಳಿದ್ರಲ್ಲ, ಮೇಲೆ ಐಸು, ಒಳಗೆ ನೀರು, ಬಿರುಕಲ್ಲಿ ಚಿಮ್ಮುತ್ತೆ ಅಂತ. ಹಂಗೇ ಇದೆ."

ತಮಾಷೆಗೆ ಹೇಳಿದ್ದಲ್ಲ. ಸರಿಯಾಗಿಯೇ ಹೇಳಿದ್ದ. ಆದರೆ ನನ್ನ ಪಾಠದಲ್ಲಿ ಶನಿಯ ಆ ಚಂದ್ರನಿಗಿಂತ ಚೊಕ್ಕವಾದ ವಸ್ತು ಇನ್ನೊಂದಿರಲಿಲ್ಲ. ಹಾಲಿನಂಥ ಬಿಳಿಯ ನೆಲ, ಅದರಿಂದ ಆಕಾಶಕ್ಕೆ ಚಿಮ್ಮುವ ನೀರು. ಈಗ ಆ ಪುಟ ತೆಗೆದರೆ ಸಾಕು, ಬಾಯಲ್ಲಿ ಆ ಹನಿ ಬರುತ್ತದೆ.

ವಿದ್ಯಾರ್ಥಿಗಳನ್ನು ಬಸ್ಸು ಹತ್ತಿಸಿ ನಾನು ಚಿಕ್ಕಪ್ಪನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಬಾರಮ್ಮ, ಏನು ಹಿಂಗೆ ಒದ್ದೆಯಾಗಿದ್ದೀಯ?"

"ಕ್ವಾರೀಲಿ ಅದೇನು ಚಿಕ್ಕಪ್ಪ?"

"ಓ, ಅದಾ. ಕೋಳಿ ಅಂಗಡಿಯೋರ್ದು. ಟೆಂಪೋದಾಗೆ ತಂದು ಸುರೀತಾರೆ. ನಾನೇ ಹೂಂ ಅಂದೆ. ಗುಂಡಿ ತುಂಬಿದ್ಮೇಲೆ ಮಣ್ಣು ಹೊಡ್ಸಿದ್ರೆ ನೆಲ ಆಯ್ತದೆ."

"ಅದು ಬಂಡೆ ಬಿರುಕಲ್ಲಿ ಇಳಿದು ನಿಮ್ಮ ಬೋರಿಗೇ ಬರುತ್ತೆ."

"ಗಟ್ಟಿ ಬಂಡೆ ಕಣಮ್ಮ. ಅದ್ರೊಳಕ್ಕೆ ಏನಿಳೀತದೆ?" ಅವರು ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. "ಹಬ್ಬದ ದಿನ ನೀನೇ ಹೇಳ್ದಲ್ಲ, ಚಂದ್ರನ ಮ್ಯಾಕೆ ಹೋಗಿದ್ದೋರು ಹೇಲಿನ ಚೀಲ ಅಲ್ಲೇ ಬಿಟ್ಟು ಬಂದ್ರು ಅಂತ. ಅಷ್ಟು ಓದ್ದೋರೇ ಹಂಗ್ ಮಾಡವ್ರೆ. ನಂದೇನು?"

ಹೌದು, ನಾನೇ ಹೇಳಿದ್ದೆ. ಯುಗಾದಿಯ ಮಾರನೆಯ ದಿನ ವರ್ಷತೊಡಕಿನ ಬಾಡೂಟಕ್ಕೆ ಎಲ್ಲರೂ ಸೇರಿದ್ದಾಗ ನಗಿಸಲು ಹೇಳಿದ್ದೆ. ಗಾಳಿಯಿಲ್ಲ, ಮಳೆಯಿಲ್ಲ, ಕೊಚ್ಚಿಹೋಗುವ ಮಾತೇ ಇಲ್ಲ, ಬಿಟ್ಟದ್ದು ಬಿಟ್ಟಲ್ಲೇ ಇರುತ್ತದೆ ಎಂದು. ಆವತ್ತು ಎಲೆಯಲ್ಲಿದ್ದದ್ದು ಕೋಳಿಸಾರು. ಆ ಕೋಳಿಯ ತಲೆ, ಕಾಲು, ಕರುಳನ್ನು ಬೇಡವೆಂದು ಅಂಗಡಿಯಲ್ಲೇ ಬಿಟ್ಟು ಬಂದವರು ನಾವೇ. ಚಿಕ್ಕಪ್ಪನ ಮೇಲಾದಷ್ಟೇ ಹೇಸಿಗೆ ನನಗೆ ನನ್ನ ಮೇಲೂ ಆಯಿತು.

ಚಿಕ್ಕಮ್ಮ ಕಾಫಿ ತಂದರು. ಲೋಟ ಹಿಡಿದೆ, ಕುಡಿಯಲಾಗಲಿಲ್ಲ. ಕೆಳಗಿಟ್ಟೆ.

"ಯಾಕಮ್ಮ, ನಮ್ಮನೇ ಕಾಫೀನೂ ಬೇಡ್ವಾ?" ಎಂದರು ಚಿಕ್ಕಮ್ಮ. ಎದ್ದು ಬಂದೆ. ಮನೆಯಲ್ಲಿ ಸೋಪು ಹಾಕಿ ತುಟಿ ಉಜ್ಜಿ ಉಜ್ಜಿ ಸಿಪ್ಪೆ ಎದ್ದಿತು.

ಆ ವಾರವೇ ಪಂಚಾಯ್ತಿಗೆ ಅರ್ಜಿ ಕೊಟ್ಟೆ. ಯಾರೋ ಬಂದು ನೋಡಿದರಂತೆ. ಅದರ ಮಾರನೆಯ ದಿನ ಜೆಸಿಬಿ ಬಂದು ಕ್ವಾರಿಯ ಬಾಯಿಗೆ ಕೆಮ್ಮಣ್ಣು ಎಳೆಯಿತು. ಟೆಂಪೋ ನಿಂತಿತು. ಚಿಕ್ಕಪ್ಪ ನನ್ನೊಂದಿಗೆ ಮಾತು ಬಿಟ್ಟರು. ಮುಚ್ಚಿದ ನೆಲ ಮೊದಲ ಮಳೆಗೇ ನಡುವೆ ಕುಸಿಯಿತು. ಅದರ ಮೇಲೆ ಹರಳುಗಿಡ ಆಳೆತ್ತರ ಬೆಳೆದು ನಿಂತಿದೆ. ಕುಳಿಗಳ ಪಾಠವನ್ನು ನಾನೀಗ ಕಾಲೇಜಿನ ಹಿಂದೆ ಎಂ-ಸ್ಯಾಂಡ್ ಗುಡ್ಡೆಯ ಮೇಲೆ ಮಾಡುತ್ತೇನೆ. ಅಷ್ಟೇನೂ ಚೆನ್ನಾಗಿ ಬರುವುದಿಲ್ಲ, ಮರಳು ಒರಟು.

ಕಳೆದ ಬೇಸಿಗೆಯಲ್ಲಿ ಚಿಕ್ಕಪ್ಪ ತಾವಾಗಿಯೇ ಬಂದರು. ಚೀಲದಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಬೋರ್ ನೀರು. ವಾಸ್ನೆ ಬತ್ತೈತೆ ಅಂತಾಳೆ ನಿಮ್ಮ ಚಿಕ್ಕಮ್ಮ. ನಿಮ್ ಕಡೇಲಿ ನೋಡಿಸ್ತೀಯ?"

ಮುಚ್ಚಳ ತೆಗೆದೆ. ನೋಡಿಸುವ ಅಗತ್ಯವೇ ಇರಲಿಲ್ಲ. ಆದರೂ ಪರೀಕ್ಷೆಗೆ ಕಳಿಸಿದೆ. ಕುಡಿಯಲು ಯೋಗ್ಯವಲ್ಲ ಎಂದು ಬರೆದು ಬಂತು. ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ.

"ಊರಾಗೆ ಹೇಳ್ಬ್ಯಾಡಮ್ಮ. ನಮಗೆ ಕ್ಯಾನ್ ನೀರು ತರಿಸ್ತೀನಿ."

"ಬೋರ್ ಮುಚ್ಚಿಸ್ತೀರಾ?"

"ಮುಚ್ಚಿದ್ರೆ ಹಸುಗಳಿಗೆ ಎಲ್ಲಿಂದ ತರ್ಲಿ? ಅವು ಕುಡಿಕೊಳ್ತವೆ ಬಿಡು."

ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು. ದಿನಾ ಬೆಳಿಗ್ಗೆ ಚಿಕ್ಕಮ್ಮ ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲಿನಲ್ಲಿ ನಿಲ್ಲುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಫೋನಿನಲ್ಲಿ ಆ ಹಾಲಿನ ಮಾತು ಎತ್ತಬೇಕಿತ್ತು. ಪಂಚಾಯ್ತಿಗೆ ಎರಡನೆಯ ಸಲ ಅರ್ಜಿ ಬರೆಯಲು ಕೂತು, ಮೇಲೆ ತಾರೀಕು ಹಾಕಿ, ಎದ್ದುಬಿಟ್ಟೆ. ಆ ಹಾಳೆ ಇನ್ನೂ ಮೇಜಿನ ಡ್ರಾಯರಿನಲ್ಲಿದೆ.