ಕೆಸರಿಗೊಂದು ಸ್ತೋತ್ರ

‘ಕಷ್ಟದಿಂದಲೇ ಆನಂದ’ ಎಂದು ಚರ್ಚಿನಲ್ಲಿ ಪ್ರಸಂಗ ಮಾಡಲು ಸಿಂಧನೂರಿನಿಂದ ಬೈಕಿನಲ್ಲಿ ಗೊರೇಬಾಳಕ್ಕೆ ಹೊರಟಿದ್ದೆ. ಕಾಲುವೆ ದಂಡೆಯಲ್ಲಿ ಬೈಕು ಜಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಸಮೇತ ಗದ್ದೆಯ ಕೆಸರಿಗೆ ಬಿದ್ದೆ. ನಾಟಿ ಮಾಡುತ್ತಿದ್ದ ಹೆಂಗಸರು ನಕ್ಕರು ನೋಡಿ, ನಿಲ್ಲಿಸಲೇ ಇಲ್ಲ.

“ನಗಾಕ ನಾಚಿಕಿ ಬರಂಗಿಲ್ಲೇನ್ರೀ?” ಎಂದು ರೇಗಿದೆ.

ಸಂಜೆ ಸಭೆಗೆ ಹೋದರೆ ಮುಂದೆ ಕೂತವರು ಅವರೇ! ಪ್ರಸಂಗಕ್ಕೆ ಮೊದಲು ಯಾರಾದರೂ ಎದ್ದು, ದೇವರು ತಮಗೆ ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವುದು ಅಲ್ಲಿನ ರೂಢಿ. ಮರಿಯಮ್ಮ ಎಂಬಾಕೆ ತಲೆಮೇಲೆ ಸೆರಗು ಹೊದ್ದು ಎದ್ದಳು.

“ಮನಿ ಗ್ವಾಡಿ ಬಿದ್ದಾಗಿಂದ ನಾ ನಕ್ಕಿದ್ದಿಲ್ರೀ. ಒಂದೀಟು ಸಂತೋಷ ಕೊಡಪ್ಪ ಅಂತ ದಿನಾ ಬೇಡ್ಕೊಂತಿದ್ದೆ. ಇವತ್ತ ಕರ್ತ ಈ ಪಾಸ್ಟರ್ ಸಾಹೇಬ್ರನ್ನ ಕೆಸರಾಗ ಕೆಡವ್ಯಾನ. ಹೊಟ್ಟಿ ನೋಯೂ ಹಂಗ ನಕ್ಕೀನಿ. ದೇವರಿಗೆ ಸ್ತೋತ್ರ!”

ಸಭೆಯೆಲ್ಲ “ಸ್ತೋತ್ರ!” ಎಂದಿತು. ಕೆಸರು ತೊಳೆದ ಒದ್ದೆ ಅಂಗಿಯಲ್ಲೇ ತಲೆ ಬಾಗಿಸಿ ನಾನೂ ಅಂದೆ.

ಕಷ್ಟದಿಂದ ಆನಂದ ಬರುತ್ತದೆ, ಸುಳ್ಳಲ್ಲ. ಎರಡೂ ಒಬ್ಬರಿಗೇ ಬರಬೇಕೆಂದು ಮಾತ್ರ ಎಲ್ಲೂ ಬರೆದಿಲ್ಲ.