ಕಾಕಾನ ತಪ್ಪುಗಳ ಪುಟ

ಅತ್ತರಿನ ವಾಸನೆ ಕಾಗದದ ಮೇಲೆ ಇಷ್ಟು ದಿನ ನಿಲ್ಲುತ್ತದೆಂದು ನನಗೆ ಗೊತ್ತಿರಲಿಲ್ಲ. ಈಚೆಗೆ ಒಂದು ಮಂಗಳವಾರ ಕಪಾಟಿನಿಂದ ನನ್ನ ಸಂಗೀತದ ಡೈರಿ ತೆಗೆದಾಗ ಒಂದು ಪುಟದಿಂದ ಅದು ಮೂಗಿಗೆ ಬಂತು. ಪುಣೆಯಲ್ಲಿ ದೀಪಾವಳಿಯ ದಿನ ಬೆಳಕು ಹರಿಯುವ ಹೊತ್ತಿಗೆ ಉದ್ಯಾನಗಳಲ್ಲಿ ಸಂಗೀತ ಕಾರ್ಯಕ್ರಮ ನಡೆಯುತ್ತದೆ. ಎಣ್ಣೆಸ್ನಾನ ಮುಗಿಸಿ ಹೊಸ ಬಟ್ಟೆಯಲ್ಲಿ ಬಂದವರ ಮುಂಗೈಗೆ ಬಾಗಿಲಲ್ಲೇ ಅತ್ತರು ಸವರುತ್ತಾರೆ. ಆ ಕೈಯನ್ನು ಊರಿಕೊಂಡೇ ನಾನು ಆ ಪುಟ ಬರೆದಿರಬೇಕು. ಹಾಡಿದವರ ಹೆಸರು, ರಾಗಗಳು, ಶುರುವಾದ ಹೊತ್ತು, ಮುಗಿದ ಹೊತ್ತು. ಎಲ್ಲಕ್ಕೂ ಕೆಳಗೆ ಒಂದು ಸಾಲು: 'ಗುರುನಾಥ ಕಾಕಾ ಹೊರಬರಲು ತಡ, ಇಪ್ಪತ್ತು ನಿಮಿಷ.'

ನಾನು ಎಣಿಸುವ ಸ್ವಭಾವದವನು. ನಾಲ್ಕು ವರ್ಷದಲ್ಲಿ ಎದುರು ಕೂತು ಕೇಳಿದ ಕಾರ್ಯಕ್ರಮಗಳು ಎಂಬತ್ತಮೂರು. ಬೆಳಗಿನವು ಐವತ್ತೊಂದು, ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾದವು ಒಂಬತ್ತು. ನಗಬೇಡಿ. ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯ ಪರೀಕ್ಷಾಲಯದಲ್ಲಿ ನನ್ನ ಕೆಲಸ. ಅಲ್ಲಿ ಎಲ್ಲ ಸರಿಯಿದ್ದ ಮಾಲಿಗೆ ಒಂದು ಟಿಕ್ಕು ಸಾಕು. ಹೆಚ್ಚುಕಡಿಮೆಯಾದದ್ದಕ್ಕೆ ಮಾತ್ರ ಏನು, ಯಾವಾಗ, ಎಷ್ಟು ಎಂದು ಪುಟ ತುಂಬ ಬರೆದು ಸಹಿ ಹಾಕಬೇಕು. ದಿನವಿಡೀ ಹಾಗೆ ಬರೆದು ಬಂದವನು ಮನೆಯಲ್ಲೂ ಹಾಗೇ ಬರೆಯುತ್ತಾನೆ. ಅಮ್ಮನ ಸಾರಿಗೆ ಕೂಡ ಒಂದು ಕಾಲ ನಾನು ಟಿಕ್ಕು ಹಾಕುತ್ತಿದ್ದೆ. ಅವಳು ಆ ಪುಟವನ್ನು ನೋಡಿದ ದಿನ ನಿಲ್ಲಿಸಿದೆ.

ಕಾಕಾ ಸಿಕ್ಕಿದ್ದು ಹನ್ನೊಂದನೆಯ ಕಾರ್ಯಕ್ರಮದಲ್ಲಿ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, ತಾವು ಹಾಸಿಕೊಂಡಿದ್ದ ಚಾಪೆಯ ಅರ್ಧ ಬಿಟ್ಟುಕೊಟ್ಟು "ಕೂಡಪಾ ಇಲ್ಲೇ. ಯಾವೂರು ನಿಂದು?" ಎಂದಿದ್ದರು. ವಿಜಯಪುರದ ಕಡೆಯವರು, ದೇಹೂ ರೋಡಿನ ಸೈನ್ಯದ ಉಗ್ರಾಣದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿ, ನಮ್ಮ ಬಾಯಲ್ಲಿ ಕಾಕು, ತೀರಿಹೋಗಿ ಆಗಲೇ ಆರು ವರ್ಷ. ಕಾಕಾ ತಮ್ಮ ಮಗಳು ವೈಜಯಂತಿ ಅಕ್ಕನ ಮನೆಯಲ್ಲಿ ಇರುತ್ತಿದ್ದರು. ಅಂದಿನಿಂದ ಭಾನುವಾರದ ಬೆಳಗಿನ ಕಾರ್ಯಕ್ರಮಗಳಿಗೆ ಇಬ್ಬರೂ ಕೂಡಿಯೇ ಹೋಗತೊಡಗಿದೆವು. ಮುಗಿದ ಮೇಲೆ ನೇರ ಶೀನಣ್ಣನ ಹೋಟೆಲು.

ಶೀನಣ್ಣ ಕುಂದಾಪುರದವರು. ಸಂಗೀತವೆಂದರೆ ಪ್ರಾಣ, ಆದರೆ ಬೆಳಗಿನ ಹೊತ್ತು ಗಲ್ಲಾ ಬಿಟ್ಟು ಏಳುವಂತಿಲ್ಲ. ಹೀಗಾಗಿ ಕೇಳಿ ಬಂದವರು ಕೇಳದವರಿಗೆ ಹೇಳಬೇಕು ಎಂಬುದು ನಮ್ಮ ಮೇಜಿನ ಪದ್ಧತಿಯಾಯಿತು. ಕೈತೊಳೆಯುವ ಬೇಸಿನ್ನಿನ ಪಕ್ಕದ ಮೇಜು. ನಾವು ಕೂತ ಕೂಡಲೇ ಶೀನಣ್ಣ ತಾವೇ ನೀರಿನ ಜಗ್ಗು ಹಿಡಿದು ಬರುತ್ತಿದ್ದರು.

"ಹೇಳಿ ಕಾಕಾ, ಇವತ್ತು ಎಂಥ ಆಯ್ತು?"

"ಮೊದಲ ಇಡ್ಲಿ ತರಸೋ ಮಾರಾಯಾ. ಹಸದ ಹೊಟ್ಟಿಲೆ ಭೈರವ ಹೆಂಗ ಹೇಳಲಿ?"

ಆಮೇಲೆ ಕಾಕಾ ಹೇಳುತ್ತಿದ್ದರು. ಚಮಚ ಗಾಳಿಯಲ್ಲಿ ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ಸಾಂಬಾರು ಆರುತ್ತಿತ್ತು. ಗಲ್ಲಾದ ಹತ್ತಿರ ಬಿಲ್ಲು ಹಿಡಿದ ಗಿರಾಕಿಗಳು ಮರಾಠಿಯಲ್ಲಿ ಕೂಗಿ ಕೂಗಿ ಸಾಕಾಗಿ ತಾವೂ ಬಂದು ನಿಂತು, ಭಾಷೆ ತಿಳಿಯದಿದ್ದರೂ ಕಾಕಾನ ಕೈ ನೋಡುತ್ತಿದ್ದರು. ನಾನು ಅದೇ ಕಾರ್ಯಕ್ರಮದಲ್ಲಿ ಅದೇ ಚಾಪೆಯ ಮೇಲೆ ಕೂತು ಬಂದವನು. ಆದರೂ ಕಾಕಾ ಹೇಳಿದ ಮೇಲೆಯೇ ನನಗೆ ಅದನ್ನು ಕೇಳಿದಂತಾಗುತ್ತಿತ್ತು.

ಒಂದು ಭಾನುವಾರ ಅವರು ತೋಡಿ ರಾಗವನ್ನು ಲಲಿತ ಎಂದರು.

"ಲಲಿತ ಅಲ್ರಿ ಕಾಕಾ, ತೋಡಿ" ಎಂದೆ. ಡೈರಿ ತೆಗೆದು ತೋರಿಸಿದೆ.

"ಹೌದಲ್ಲೋ. ಬರಕೋಪಾ, ಬರಕೋ. ನನ್ನ ತಪ್ಪರ ಯಾರರ ಜ್ವಾಪಾನ ಮಾಡ್ಲಿ."

"ಇವರ ಎದುರು ಜಾಗ್ರತೆ ಕಾಕಾ" ಎಂದರು ಶೀನಣ್ಣ, "ಸಾಂಬಾರಿನ ಸಾಸಿವೆ ಸಹ ಎಣಿಸುವ ಜನ."

ಮೂವರೂ ನಕ್ಕೆವು. ನಾನು ನಿಜವಾಗಿಯೂ ಬರೆದುಕೊಂಡೆ. ಡೈರಿಯ ಹಿಂದಿನ ಪುಟದಲ್ಲಿ 'ಕಾಕಾ, ತಪ್ಪು' ಎಂದು ತಲೆಬರಹ ಹಾಕಿ, ಒಂದು. ಅದು ಆಟವಾಯಿತು. ತಬಲಾದವನ ಕುರ್ತಾ ಹಸಿರಲ್ಲ, ನೀಲಿ: ಎರಡು. ಹಾಡಿದ್ದು ಶಿಷ್ಯೆಯಲ್ಲ, ಗುರು: ಐದು. ಹೋದ ವಾರ ಹೇಳಿದ್ದನ್ನೇ ಈ ವಾರದ್ದೆಂದು ಹೇಳಿದ್ದು: ಒಂಬತ್ತು, ಹನ್ನೊಂದು, ಹನ್ನೆರಡು. "ಕಾಕಾ, ಹದಿಮೂರು ಆತ್ರಿ" ಎಂದು ನಾನು ಬೆರಳೆತ್ತಿದರೆ ಅವರು ಕಿವಿ ಹಿಡಿದುಕೊಂಡು ನಗಿಸುತ್ತಿದ್ದರು. ನನಗೆ, ಹೇಳಲು ನಾಚಿಕೆ, ಹೆಮ್ಮೆಯಿತ್ತು. ಅಷ್ಟು ಚೆನ್ನಾಗಿ ಹೇಳಲು ನನ್ನಿಂದಾಗುತ್ತಿರಲಿಲ್ಲ, ತಿದ್ದಲು ಆಗುತ್ತಿತ್ತು.

ಹದಿನೇಳನೆಯದು ಹೀಗಿದೆ: 'ಕಾಕು ಪಕ್ಕದಲ್ಲಿ ಕೂತಿದ್ದಳು ಅಂದರು.' ಅಂದು ಅವರು ಹೇಳುತ್ತ ಹೇಳುತ್ತ, "ಆ ತಾನ ಬಂದ ಕೂಡ್ಲೆ ಇಕಿ ನನ್ನ ಕೈ ಒತ್ತಿದ್ಲು" ಎಂದಿದ್ದರು. ಶೀನಣ್ಣ ಜಗ್ಗನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದರು. ನಾನು ಮಾತ್ರ, ತೋಡಿ-ಲಲಿತದ ಅದೇ ದನಿಯಲ್ಲಿ, "ಕಾಕು ಇರ್ಲಿಲ್ರಿ ಕಾಕಾ. ನಿಮ್ಮ ಪಕ್ಕ ನಾನಿದ್ದೆ" ಎಂದೆ. ಕಾಕಾ ನನ್ನನ್ನು ನೋಡಿದರು. ಕಿವಿ ಹಿಡಿದುಕೊಳ್ಳಲಿಲ್ಲ. ಕೊನೆಗೆ "ಹೌದು" ಎಂದು ಇಡ್ಲಿ ಮುರಿದರು.

ಅಲ್ಲಿಂದ ಮುಂದೆ ಏನು ಹೇಳುವ ಮೊದಲೂ ನನ್ನ ಕಡೆ ತಿರುಗಿ, "ಹೌದಲ್ಲೋ?" ಎನ್ನತೊಡಗಿದರು. ಆಮೇಲೆ ಅದೂ ಕಡಿಮೆಯಾಯಿತು. ಶೀನಣ್ಣ ಕೇಳಿದರೆ "ಛಲೋ ಆತು" ಎನ್ನುವರು. ಹೆಚ್ಚೆಂದರೆ "ಭಾಳ ಛಲೋ ಆತು". ಆ ವಾರಗಳ ಎದುರು ನನ್ನ ಪುಟದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ ಎಂದಿದೆ. ಪಕ್ಕದಲ್ಲಿ, ನನ್ನದೇ ಅಕ್ಷರದಲ್ಲಿ: 'ಸುಧಾರಣೆ.'

ದೀಪಾವಳಿಯ ಆ ಬೆಳಿಗ್ಗೆ ಕಾರ್ಯಕ್ರಮ ಮುಗಿದಾಗ ಕಾಕಾ ಚಪ್ಪಲಿಗಳ ರಾಶಿಯ ಹತ್ತಿರ ಕೈಕಟ್ಟಿ ನಿಂತುಬಿಟ್ಟಿದ್ದರು. ನಾನು ಗೇಟಿನ ಹೊರಗೆ ಗಡಿಯಾರ ನೋಡುತ್ತಿದ್ದೆ. ಜನ ಒಬ್ಬೊಬ್ಬರಾಗಿ ತಮ್ಮ ತಮ್ಮದನ್ನು ಮೆಟ್ಟಿಕೊಂಡು ಹೋದರು. ಕಾವಲುಗಾರ ಸಿಗಲಿಲ್ಲವೇ ಎಂದು ಕೇಳಿದ್ದಕ್ಕೆ ಇವರು ಮರಾಠಿಯಲ್ಲಿ, ಅವಸರವಿಲ್ಲ ಎಂದರು. ಕೊನೆಗೆ ಒಂದೇ ಜೊತೆ ಉಳಿಯಿತು. ಅದರಲ್ಲಿ ಕಾಲಿಟ್ಟು ಬಂದರು. ಯಾವುದು ತಮ್ಮದೆಂದು ಗೊತ್ತಾಗದ ಮನುಷ್ಯ ಯಾರಿಗೂ ತಿಳಿಯಗೊಡದೆ ಹುಡುಕಿಕೊಂಡ ದಾರಿ ಅದು. ಅಂದು ನಾನು ನಿಮಿಷ ಮಾತ್ರ ಬರೆದುಕೊಂಡೆ. ಅದರ ನಂತರ ಕಾಕಾ ಬರಲಿಲ್ಲ. ಫೋನು ಮಾಡಿದಾಗಲೆಲ್ಲ ಮೊಣಕಾಲು ನೋವು ಎಂದರು.

ಆ ಮಂಗಳವಾರ ವೈಜಯಂತಿ ಅಕ್ಕ ಫೋನು ಮಾಡಿದಳು. "ಡಾಕ್ಟರ್ ಕೇಳಾಕತ್ತಾರ, ಈ ಮರವು ಯಾವಾಗ ಶುರು ಆತು ಅಂತ. ನಮಗ ಹೇಳಾಕ ಬರವಲ್ದು. ಅಪ್ಪ ಮನ್ಯಾಗ ಮಾತಾಡೋದ ಕಡಿಮಿ, ಮಾತೆಲ್ಲ ನಿಮ್ಮ ಹೋಟೆಲ್ನ್ಯಾಗ. ನೀ ಎಲ್ಲಾ ಬರದಿಡತೀ ಅಂತ ಹೇಳತಿದ್ರು. ಅದರಾಗೇನರ ಸಿಗತದೇನು?"

ಡೈರಿ ತೆಗೆದದ್ದು ಅದಕ್ಕೆ. ಗುರುವಾರ ರಜೆ ಹಾಕಿ ಆಸ್ಪತ್ರೆಗೆ ಒಯ್ದೆ. ಡಾಕ್ಟರಮ್ಮ ಆ ಹಿಂದಿನ ಪುಟವನ್ನು ನನ್ನಿಂದ ಒಂದೊಂದೇ ಸಾಲು ಮರಾಠಿಯಲ್ಲಿ ಹೇಳಿಸಿಕೊಂಡು ಗುರುತು ಹಾಕಿಕೊಂಡರು. ಇಷ್ಟು ಸ್ಪಷ್ಟವಾಗಿ, ತಾರೀಖಿನ ಸಮೇತ, ಮನೆಯವರು ಕೂಡ ತಂದುಕೊಡುವುದಿಲ್ಲ ಎಂದರು. ಮೊದಲ ಸಾಲಿನಿಂದ ಕೊನೆಯದಕ್ಕೆ ಒಂದೂವರೆ ವರ್ಷ. ಇದು ಹೆಚ್ಚುತ್ತಿರುವುದು ಕಂಡಾಗ ಯಾರಿಗಾದರೂ ಹೇಳಿದಿರಾ ಎಂದು ಕೇಳಿದರು. ಕಾಕಾಗೆ ಹೇಳಿದ್ದೆ ಎಂದೆ.

ಹೊರಗೆ ಬೆಂಚಿನ ಮೇಲೆ ಕಾಕಾ ನನಗೂ ಅಕ್ಕನಿಗೂ ನಡುವೆ ಕೂತಿದ್ದರು. ನನ್ನ ಕಡೆ ತಿರುಗಿ, ಹೊಸಬರಿಗೆ ಮಾಡುವಂತೆ ನಮಸ್ಕಾರ ಮಾಡಿದರು. ಅಕ್ಕ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಪುಟ ತಿರುವಿದಳು.

"ತಮ್ಮಾ, ಅಪ್ಪ ಛಲೋ ಹೇಳತಿದ್ರಂತಲ್ಲ. ಹೋಟೆಲ್ ಮಂದಿ ಎಲ್ಲಾ ನಿಂತು ಕೇಳತಿದ್ರಂತ. ನನಗ ಒಂದ ಸಲಾನೂ ಕೇಳಾಕ ಆಗ್ಲಿಲ್ಲ. ಅದನ್ನೆಲ್ಲೆ ಬರದೀ? ಒಂದರ ಓದು, ಅವ್ರೂ ಕೇಳ್ಲಿ."

ಕಾಕಾನೊಡನೆ ಕೂತ ಭಾನುವಾರಗಳು ಮೂವತ್ತೆಂಟು. ಅವರು ಸರಿಯಾಗಿ ಹೇಳಿದ ಪ್ರತಿ ವಾರದ ಎದುರೂ ಒಂದು ಟಿಕ್ಕಷ್ಟೇ ಇತ್ತು.

ನೆನಪಿನಿಂದ ಹೇಳೋಣವೆಂದು ಬಾಯಿ ತೆರೆದೆ. ಚಮಚ ಕಂಡಿತು, ಆರಿದ ಸಾಂಬಾರು ಕಂಡಿತು. ಕಾಕಾ ಆಡಿದ ಮಾತು ಒಂದೂ ನೆನಪಿಗೆ ಬರಲಿಲ್ಲ. ತಪ್ಪಾದ ಹದಿನೇಳು ಮಾತುಗಳು ಮಾತ್ರ ಅಕ್ಷರ ಬಿಡದೆ ಇದ್ದವು.

ನಿನ್ನೆ ಭಾನುವಾರ, ಯಾವ ಕಾರ್ಯಕ್ರಮಕ್ಕೂ ಹೋಗದೆ ಶೀನಣ್ಣನಲ್ಲಿಗೆ ಹೋದೆ. ಅವರಿಗಾಗಿಯೇ ಅಲ್ಲವೇ ಕಾಕಾ ಹೇಳುತ್ತಿದ್ದದ್ದು. ಅವರ ನೆನಪಿನಲ್ಲಿ ಒಂದಾದರೂ ಇರಲೇಬೇಕು. ಗಿರಾಕಿಗಳು ಕರಗುವ ತನಕ ಕಾದು ಖಾಲಿ ಕಾಗದ ಮುಂದಿಟ್ಟುಕೊಂಡೆ. ಅಕ್ಕ ಕೇಳಿದ್ದನ್ನು ಹೇಳಿ, ಒಂದೇ ಒಂದು ಸಾಕು ಎಂದೆ.

ಶೀನಣ್ಣ ಎದುರು ಕೂತರು. ಆ ಮೇಜಿನಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಪ್ರಯತ್ನಪಟ್ಟರು. ಎರಡು ಸಲ ಕೈ ಎತ್ತಿದರು, ಎರಡು ಸಲವೂ ಇಳಿಸಿದರು.

"ಚೆಂದ ಇತ್ತು, ಅಷ್ಟೇ ಗೊತ್ತುಂಟು" ಎಂದರು. "ನೆನಪಿಟ್ಕೊಳ್ಬೇಕು ಅಂತ ನಂಗೆ ಕಾಣಲೇ ಇಲ್ಲ ಮಾರ್ರೆ. ನೀವು ಬರೀತಾ ಇದ್ರಲ್ಲ."