ಶಿಫ್ರಾಳ ಪ್ರಾಜೆಕ್ಟುಗಳು

ವಿನಿಪೆಗ್‌ನ ಕಾಲೇಜಿನಲ್ಲಿ ಯಹೂದಿ ಚರಿತ್ರೆ ಓದುವ ಶಿಫ್ರಾಳಿಗೆ ಯಾವುದನ್ನೂ ಕೈಯಾರೆ ಮಾಡಿ ನೋಡದೆ ಸಮಾಧಾನವಿಲ್ಲ. ಮಿಕ್ಕವರು ಹತ್ತು ಪುಟ ಬರೆದು ಕೈತೊಳೆದುಕೊಂಡರೆ, ಇವಳು ಹೆಬ್ಬಾತಿನ ಗರಿ ಕೆತ್ತಿ ಹೀಬ್ರೂ ಅಕ್ಷರ ತಿದ್ದುತ್ತಾ ಮೂಗಿನ ತುದಿಗೂ ಮಸಿ ಬಳಿದುಕೊಳ್ಳುತ್ತಾಳೆ. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಬ್ರೆಡ್ಡನ್ನು ಜಡೆಯಂತೆ ಹೆಣೆದು ಹೆಣೆದು, ರೂಮಿನ ಗೆಳತಿಯರು ಬ್ರೆಡ್ಡೆಂದರೆ ಓಡುವ ಹಾಗೆ ಮಾಡಿದ್ದಾಳೆ. ಬಾತ್‌ಟಬ್ಬಿನಲ್ಲಿ ಸೌತೆಕಾಯಿ ಉಪ್ಪಿಗೆ ಹಾಕಿದ ವಾರವಂತೂ ಅಲ್ಲಿ ಯಾರೂ ಮೀಯಲಿಲ್ಲ. ಬೈದರೆ, "ಪುಸ್ತಕದಲ್ಲಿ ಓದಿದ್ದು ಪರೀಕ್ಷೆ ಮುಗಿದ್ಮೇಲೆ ಎಲ್ಲಿರತ್ತೆ ಹೇಳ್ರೇ?" ಎನ್ನುತ್ತಾಳೆ. ಈ ಸಲ ಅವಳು ಹೊಲಿದದ್ದು ತೀರಿಕೊಂಡವರಿಗೆ ತೊಡಿಸುವ ಬಿಳಿಯ ಅಂಗಿ. ಬಡವನಿಗೂ ಸಾಹುಕಾರನಿಗೂ ಒಂದೇ ಥರದ್ದು. ಜೇಬಿಲ್ಲ, ದಾರಕ್ಕೆ ಗಂಟಿಲ್ಲ. ಹಬ್ಬಕ್ಕೆ ಊರಿಗೆ ತಂದಾಗ ಅಜ್ಜಿ ಹೆನ್ಯಾ ಅದನ್ನೆತ್ತಿ ತನ್ನ ಭುಜಕ್ಕೆ ಹಿಡಿದು ನೋಡಿದಳು. "ತೋಳು ಗಿಡ್ಡ ಆಯ್ತಲ್ಲೇ." "ಅದು ಬರೀ ಮಾರ್ಕಿಗೆ ಅಜ್ಜಿ, ಯಾರೂ ಹಾಕ್ಕೊಳ್ಳಲ್ಲ." "ಮಾರ್ಕು ಹಾಕಿಸ್ಕೊಂಡು ನಂಗೇ ಕೊಟ್ಬಿಡು. ಗುರುತಿಲ್ಲದೋರು ಹೊಲಿದಿದ್ದಕ್ಕಿಂತ ನಿಂದೇ ವಾಸಿ." ಶಿಫ್ರಾ ತೋಳಿನ ಹೊಲಿಗೆಯನ್ನೆಲ್ಲ ಬಿಚ್ಚಿ, ಟೇಪು ಹಿಡಿದು ಹತ್ತಿರ ಬಂದು, "ಕೈ ಚಾಚು ಅಜ್ಜಿ" ಎಂದಳು.